ಕಾಲ್ದೆಸೆಯ ಮುದ್ರೆ

ಹೆಂಗಸರ ವಾರ್ಡಿನಲ್ಲಿ ಕಿಟಕಿಯಿಂದ ಎರಡನೆಯ ಮಂಚದ ಮೇಲೆ ಅತ್ತೆ ಮಲಗಿ ಹದಿನೆಂಟು ದಿನಗಳಾಗಿದ್ದವು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಬಿರುಕುಬಿಟ್ಟಿತ್ತು. ಎಂಬತ್ತು ದಾಟಿದ ಮೂಳೆ ಕೂಡಿಕೊಳ್ಳಲು ಅವಸರ ಪಡುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಸೊಂಟ ಬಿದ್ದರೂ ನಾಲಿಗೆ ಬಿದ್ದಿರಲಿಲ್ಲ. ಗಂಜಿ ತಂದುಕೊಡುವ ಹೆಂಗಸಿಗೆ ದಿನವೂ ಒಂದೇ ಮಾತು: ಹಿಂದೆ ನಾವು ಬಟ್ಟೆಗೆ ಹಾಕುತ್ತಿದ್ದ ಗಂಜಿಯೇ ಇದಕ್ಕಿಂತ ಗಟ್ಟಿಯಾಗಿತ್ತು.

ಹಾಗೆ ಹೇಳುವ ಹಕ್ಕು ಅವರಿಗಿತ್ತು. ಇದೇ ಆಸ್ಪತ್ರೆಯ ಹಿಂಬದಿಯ ಬಟ್ಟೆಮನೆಯಲ್ಲಿ ಅವರು ನಲವತ್ತೊಂದು ವರ್ಷ ದುಡಿದಿದ್ದರು. ಪರದೇಶದ ದೊರೆಗಳು ಆಳುತ್ತಿದ್ದಾಗ ಹದಿನಾರರ ಹುಡುಗಿಯಾಗಿ ಸೇರಿದವರು. ದೊರೆಗಳು ಗಂಟುಮೂಟೆ ಕಟ್ಟಿಕೊಂಡು ಹೋದರು, ಇವರು ಮಾತ್ರ ಅದೇ ತೊಟ್ಟಿಯ ಮುಂದೆ ನಿಂತಿದ್ದರು. ಮದುವೆಯಾಗಿ ಬಂದ ಸೊಸೆಯನ್ನು ಆ ಕೆಲಸಕ್ಕೆ ಸೇರಿಸಿದವರೂ ಅವರೇ. ಈಗ ಸೊಸೆಗೆ ಐವತ್ತೇಳು. ಬಟ್ಟೆಮನೆಯ ಮೇಲ್ವಿಚಾರಣೆ ಅವಳದು. ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಮನೆಯಲ್ಲಿ ಅತ್ತೆಗೆ ಸೊಸೆ, ಸೊಸೆಗೆ ಅತ್ತೆ. ಜಗಳಕ್ಕೂ ಅವರೇ, ಸಮಾಧಾನಕ್ಕೂ ಅವರೇ.

ಬಟ್ಟೆಮನೆಯಲ್ಲಿ ಸೊಸೆ ಕಲಿತ ಮೊದಲ ಪಾಠ ಹಾಸಿಗೆಯ ಶೀಟು ಮಡಿಸುವುದು. ಸೋಡಾ ನೀರಿನಲ್ಲಿ ಕುದಿಸಿ, ನೀಲಿಯಲ್ಲಿ ಅದ್ದಿ, ತಂತಿಯ ಮೇಲೆ ಒಣಗಿಸಿದ ಶೀಟನ್ನು ಇಬ್ಬರು ಹೆಂಗಸರು ಎದುರುಬದುರು ನಿಂತು ಹಿಡಿಯಬೇಕು. ಒಂದು ಮೂಲೆಯಲ್ಲಿ ಆಸ್ಪತ್ರೆಯ ಕಪ್ಪು ಮುದ್ರೆ ಇರುತ್ತದೆ. ಆ ಮೂಲೆ ಹಿಡಿದವಳು ಅದನ್ನು ಎಡಗೈಯಲ್ಲಿ ಇಟ್ಟುಕೊಂಡು, ಎರಡು ಉದ್ದ ಮಡಿಕೆ, ಮೂರು ಅಡ್ಡ ಮಡಿಕೆ ಹಾಕಿ, ಮುದ್ರೆಯನ್ನು ಎಲ್ಲಕ್ಕಿಂತ ಒಳಗೆ ಅಡಗಿಸಬೇಕು. ವಾರ್ಡಿನ ಸಿಸ್ಟರು ಆ ಕಟ್ಟನ್ನು ತಲೆದಿಂಬಿನ ಹತ್ತಿರ ಇಟ್ಟು ಕೆಳಕ್ಕೆ ಬಿಚ್ಚುತ್ತ ಹೋದರೆ ಮುದ್ರೆ ಸರಿಯಾಗಿ ರೋಗಿಯ ಕಾಲ್ದೆಸೆಗೆ ಬಂದು ಬೀಳುತ್ತದೆ. ಯಾಕೆ ಹೀಗೆ ಎಂದು ಸೊಸೆ ಮೊದಲ ವಾರದಲ್ಲಿ ಕೇಳಿದ್ದಳು. ಕೈಗೆ ಕೆಲಸ ಕೊಡು, ಬಾಯಿಗೆ ಬೇಡ ಎಂದಿದ್ದರು ಅತ್ತೆ. ಮತ್ತೆ ಅವಳು ಕೇಳಲಿಲ್ಲ. ಅವಳ ಕೈಕೆಳಗೆ ಕಲಿತವರೂ ಕೇಳಲಿಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ, ಮುದ್ರೆ ಕಾಲ್ದೆಸೆಗೆ ಬೀಳುತ್ತದೆ, ಅಷ್ಟೇ.

ಹೀಗಿರುವಾಗ ರಾಜಧಾನಿಯಿಂದ ದೊಡ್ಡವರೊಬ್ಬರು ಆಸ್ಪತ್ರೆ ನೋಡಲು ಬಂದರು. ಔಷಧ ಸಾಕಷ್ಟಿದೆಯೇ ಎಂದು ಅವರು ಕೇಳಲಿಲ್ಲ. ಸಾಲು ಮಂಚಗಳ ನಡುವೆ ನಡೆಯುತ್ತ ಒಂದು ಕಡೆ ಸಟ್ಟನೆ ನಿಂತರು. ರೋಗಿಯೊಬ್ಬನ ಹಿಮ್ಮಡಿಯ ಕೆಳಗೆ, ಶೀಟಿನ ಮುದ್ರೆಯಲ್ಲಿ, ಅವರಿಗೆ ದೇಶದ ಲಾಂಛನ ಕಂಡಿತ್ತು. ಪಕ್ಕದ ಮಂಚ ನೋಡಿದರು, ಅಲ್ಲೂ ಹಾಗೆಯೇ. ಸಾಲುದ್ದಕ್ಕೂ ನಲವತ್ತು ಜೊತೆ ಕಾಲು, ನಲವತ್ತು ಲಾಂಛನ. ದೊಡ್ಡವರ ಮುಖ ಕೆಂಪಾಯಿತು. ಜೊತೆಯಲ್ಲಿದ್ದವರ ಮುಖ ಬಿಳುಪಾಯಿತು.

ಮರುದಿನವೇ ಸೊಸೆಯ ಕೈಗೆ ನೋಟೀಸು ಬಂತು. ರಾಷ್ಟ್ರದ ಲಾಂಛನವನ್ನು ಪಾದದ ಅಡಿ ಬರುವಂತೆ ಮಾಡಿದ್ದು ಯಾರ ಆದೇಶದ ಮೇಲೆ, ಯಾವ ಉದ್ದೇಶದಿಂದ? ಮೂರು ದಿನದೊಳಗೆ ಲಿಖಿತ ಉತ್ತರ ಕೊಡತಕ್ಕದ್ದು. ಇಲ್ಲವಾದರೆ ಕೆಲಸದಿಂದ ತೆಗೆಯಲಾಗುವುದು. ಕೆಳಗೆ ಹೊಸ ಆಡಳಿತಾಧಿಕಾರಿಯ ಸಹಿ. ಬಟ್ಟೆಮನೆಯವರು ಅವರಿಗೆ ಇಸ್ತ್ರಿ ಸಾಹೇಬ ಎಂದು ಹೆಸರಿಟ್ಟಿದ್ದರು. ಸಂಜೆಯವರೆಗೂ ಅವರ ಅಂಗಿಯಲ್ಲಿ ಒಂದು ಸುಕ್ಕು ಬೀಳುತ್ತಿರಲಿಲ್ಲ. ಕುಳಿತುಕೊಳ್ಳುತ್ತಾರೋ ಇಲ್ಲವೋ ಎಂಬುದೇ ಹೆಂಗಸರಿಗೆ ಅನುಮಾನ.

ಮೂವತ್ತೈದು ವರ್ಷದಲ್ಲಿ ಒಂದು ಕರವಸ್ತ್ರವನ್ನೂ ಕಳೆಯದವಳಿಗೆ ಈ ಕಾಗದ ಬರಸಿಡಿಲಿನಂತೆ ಬಂತು. ನೀಲಿ ತೊಟ್ಟಿಯ ಕೆಲಸದವಳು, ಮೊಣಕೈವರೆಗೆ ಬಣ್ಣ ಹಿಡಿದ ಕಾರಣಕ್ಕೆ ಎಲ್ಲರಿಂದ ನೀಲಕ್ಕ ಎನಿಸಿಕೊಂಡವಳು, ನೋಟೀಸನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿಯೂ ಮುದ್ರೆ ಕೆಳಗಡೆಯೇ ಇದೆಯಲ್ಲ ಎಂದಳು. ಯಾರೂ ನಗಲಿಲ್ಲ.

ದಾರಿ ತೋರಿಸಿದವನು ಕಚೇರಿಯ ಗುಮಾಸ್ತ. ಒಳ್ಳೆಯ ಮನುಷ್ಯ, ಸೊಸೆಯ ಗಂಡನ ಗೆಳೆಯನಾಗಿದ್ದವನು. ದೂಳು ತಿಂದ ಕಪಾಟಿನಿಂದ ದೊರೆಗಳ ಕಾಲದ ನಿಯಮಪುಸ್ತಕ ಹೊರತೆಗೆದು ಒಂದು ಪುಟ ತೋರಿಸಿದ. ‘ತಪಾಸಣೆಯ ಅನುಕೂಲಕ್ಕಾಗಿ ಎಲ್ಲ ಶೀಟುಗಳ ಮುದ್ರೆಯೂ ಕಾಲ್ದೆಸೆಗೆ ಬರುವಂತೆ ಹಾಸತಕ್ಕದ್ದು’ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಕೆಳಗೆ ಆಗ ಆಸ್ಪತ್ರೆಯ ವಾರ್ಡುಗಳನ್ನು ನೋಡಿಕೊಳ್ಳುತ್ತಿದ್ದ ದೊರೆಸಾನಿಯ ರುಜು. ಆ ನಿಯಮ ರದ್ದಾದ ದಾಖಲೆ ಎಲ್ಲಿಯೂ ಇಲ್ಲ. ಗುಮಾಸ್ತ ಉತ್ತರವನ್ನು ಆಗಲೇ ಬರೆದಿಟ್ಟಿದ್ದ: ಈ ಪದ್ಧತಿಯನ್ನು ಜಾರಿಗೆ ತಂದವರು ಅಂದಿನ ದೊರೆಸಾನಿಯವರು, ನಾವು ಅವರ ನಿಯಮವನ್ನು ಪಾಲಿಸಿಕೊಂಡು ಬಂದಿದ್ದೇವೆ, ನಮ್ಮದೇನೂ ತಪ್ಪಿಲ್ಲ. ಇನ್ನು ಅವಳ ಸಹಿಯೊಂದೇ ಬಾಕಿ.

ಸೊಸೆಯ ಎದೆಯಿಂದ ಬೆಟ್ಟ ಇಳಿದಂತಾಯಿತು. ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅತ್ತೆಯ ಮಂಚದ ಬಳಿಗೆ ಬಂದಳು. ಹೊಸ ಸುದ್ದಿ ಏನೇ ಇದ್ದರೂ ಅತ್ತೆಗೆ ಹೇಳದೆ ಅದು ಅವಳಿಗೆ ಸುದ್ದಿಯೇ ಅಲ್ಲ. ಸ್ಟೂಲು ಎಳೆದುಕೊಂಡು ಕುಳಿತು ಎಲ್ಲವನ್ನೂ ಹೇಳಿದಳು, ಗುಮಾಸ್ತ ಬರೆದದ್ದನ್ನು ಓದಿದಳು. ಅತ್ತೆ ನಗಬಹುದು, ಇಲ್ಲವೇ ಇಸ್ತ್ರಿ ಸಾಹೇಬನಿಗೆ ನಾಲ್ಕು ಬೈಯಬಹುದು ಎಂದುಕೊಂಡಿದ್ದಳು. ಎರಡೂ ಆಗಲಿಲ್ಲ.

“ದೊರೆಸಾನಿ ಮಾಡಿದ್ದು ಅಂತ ಬರೆದಿದ್ದಾನಾ?” ಎಂದರು ಅತ್ತೆ.

“ಪುಸ್ತಕದಲ್ಲೇ ಇದೆ ಅತ್ತೆ. ಅವಳ ರುಜು ಇದೆ.”

ಅತ್ತೆ ಯಾರಿಗೂ ಹೇಳದೆ ಅರುವತ್ತೈದು ವರ್ಷ ಇಟ್ಟುಕೊಂಡಿದ್ದ ಮಾತನ್ನು, ಮೆತ್ತಗೆ, ನಿಲ್ಲಿಸಿ ನಿಲ್ಲಿಸಿ ಹೇಳಿದರು.

ಅವರಿಗೆ ಆಗ ಹದಿನೇಳು. ಊರಿನ ಹೊಳೆಗೆ ಕಟ್ಟೆ ಕಟ್ಟಿಸಿ ದೊರೆಗಳು ನೀರನ್ನೆಲ್ಲ ತಮ್ಮ ದಂಡಿನ ಪಾಳೆಯಕ್ಕೆ ತಿರುಗಿಸಿಕೊಂಡಿದ್ದರು. ಊರಿನವರು ಕಟ್ಟೆಯ ಮೇಲೆ ಹೋಗಿ ಕುಳಿತರು. ಏಳಿ ಎಂದರೂ ಏಳಲಿಲ್ಲ. ಬಂದೂಕು ಹಾರಿತು. ಹನ್ನೊಂದು ಜನರನ್ನು ಬಂಡಿಯ ಮೇಲೆ ಹಾಕಿ ಇದೇ ಆಸ್ಪತ್ರೆಗೆ ತಂದರು. ಆಗ ಶೀಟಿನ ಮುದ್ರೆ ದೊರೆಗಳ ಕಿರೀಟ. ಅದು ತಲೆದೆಸೆಗೆ, ದಿಂಬಿನ ಪಕ್ಕಕ್ಕೆ ಬರುತ್ತಿತ್ತು. ಮಗ್ಗುಲಾದರೆ ಕೆನ್ನೆಗೇ ತಾಗುವಂತೆ. ಗಾಯಾಳುಗಳಲ್ಲಿ ಗಾರೆ ಕೆಲಸದವನೊಬ್ಬನಿದ್ದ. ತೊಡೆಗೆ ಗುಂಡು ತಗುಲಿತ್ತು. ಅವನು ಮಂಚ ಹತ್ತಲು ಒಪ್ಪಲಿಲ್ಲ. ಕಿರೀಟಕ್ಕೆ ಕೆನ್ನೆ ಕೊಟ್ಟು ಮಲಗುವುದಕ್ಕಿಂತ ನೆಲವೇ ವಾಸಿ ಎಂದ. ಅವನನ್ನು ನೋಡಿ ಉಳಿದ ಹತ್ತು ಜನರೂ ನೆಲಕ್ಕಿಳಿದರು. ತಣ್ಣನೆಯ ಕಲ್ಲುನೆಲ, ರಕ್ತ, ಜ್ವರ. ಡಾಕ್ಟರು ಬೇಡಿದರು, ದೊರೆಸಾನಿ ಗದರಿಸಿದಳು. ಯಾರೂ ಮೇಲೇಳಲಿಲ್ಲ.

ಒಗೆದ ಬಟ್ಟೆ ಹೊತ್ತು ಬಂದಿದ್ದ ಹದಿನೇಳರ ಹುಡುಗಿ ಅದನ್ನು ನೋಡಿದಳು. ದೊರೆಸಾನಿ ಆಚೆ ಹೋದಮೇಲೆ ಮಂಚದ ಶೀಟನ್ನು ಕಿತ್ತು, ತಿರುಗಿಸಿ ಹಾಸಿದಳು. “ಅಣ್ಣಾ, ಈಗ ಮಲಗು. ಕಿರೀಟ ಕಾಲ ಹತ್ತಿರ ಬಂತು. ಎಷ್ಟು ಬೇಕೋ ಅಷ್ಟು ತುಳಿ” ಎಂದಳು.

“ನಕ್ಕುಬಿಟ್ಟ ಕಣೇ” ಎಂದರು ಅತ್ತೆ. “ಅಷ್ಟು ನೋವಲ್ಲೂ ನಕ್ಕ. ನಾನೇ ಅವನ ಕಾಲು ಎತ್ತಿ ಅದರ ಮೇಲೆ ಇಟ್ಟೆ. ಹಿಮ್ಮಡಿ ಒಡೆದು ಸುಣ್ಣದ ಗೋಡೆ ಥರ ಆಗಿತ್ತು. ಮುಖ ಮರೆತುಹೋಗಿದೆ. ಕಾಲು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.”

ಹನ್ನೊಂದು ಜನರೂ ಮಂಚ ಹತ್ತಿದರು. ಏಳು ಜನ ಬದುಕಿದರು. ಗಾರೆಯವನು ಬದುಕಲಿಲ್ಲ; ಒಂಬತ್ತನೆಯ ದಿನ ಕಣ್ಣು ಮುಚ್ಚಿದ. ಅವನ ಶೀಟನ್ನು ಒಗೆದವರೂ ಅತ್ತೆಯೇ. ಅಂದು ಬಟ್ಟೆಮನೆಯ ಆರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಡಿಕೆ ಬದಲಾಯಿತು. ಮರುದಿನದಿಂದ ಆಸ್ಪತ್ರೆಯ ಪ್ರತಿ ರೋಗಿಯೂ, ದಂಡಿನ ಸಿಪಾಯಿಯೂ ಸೇರಿ, ಕಿರೀಟದ ಮೇಲೆ ಕಾಲಿಟ್ಟು ಮಲಗಿದ. ಪ್ರಾಣ ಕೈಯಲ್ಲಿ ಹಿಡಿದು ಹೆಂಗಸರು ದೊರೆಸಾನಿಯ ತಪಾಸಣೆಗೆ ಕಾದರು. ಅವಳು ಬಂದಳು, ಸಾಲುಗಳ ನಡುವೆ ನಡೆದಳು, ನಿಂತಳು. ದಾರಿಯ ಕಡೆಗೆ ಸಾಲಾಗಿ ಕಿರೀಟಗಳು ಕಾಣುತ್ತಿದ್ದವು. ಬಗ್ಗಿ ನೋಡುವ ಕಷ್ಟವಿಲ್ಲ, ನಡೆಯುತ್ತಲೇ ಎಣಿಸಬಹುದು. ಅವಳಿಗೆ ಬಹಳ ಹಿಡಿಸಿತು. ಹೆಂಗಸರ ಬೆನ್ನು ತಟ್ಟಿ, ಇನ್ನು ಮುಂದೆ ಇದೇ ನಿಯಮ ಎಂದು ಪುಸ್ತಕದಲ್ಲಿ ಬರೆಸಿದಳು.

“ಅವತ್ತು ನಕ್ಕಿದ್ದು ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ನೋಯುತ್ತೆ” ಎಂದರು ಅತ್ತೆ. ಆದರೆ ಮುಖದಲ್ಲಿ ನಗು ಇರಲಿಲ್ಲ. “ಅವಳ ಕಿರೀಟ ಹೋಯ್ತು, ನಮ್ಮ ಮುದ್ರೆ ಬಂತು. ಶೀಟು ಬಂದಾಗ ನಾನೇ ಮಡಿಸಿದೆ. ಕೈ ತನ್ನಷ್ಟಕ್ಕೆ ಮಡಿಸ್ತು. ಇದು ನಮ್ಮದು, ಇದನ್ನ ಹಾಗೆ ಹಾಕಬಾರದು ಅಂತ ಒಂದು ಗಳಿಗೆ ಹೊಳೀಲಿಲ್ಲವಲ್ಲೇ. ಯಾವುದಕ್ಕೋಸ್ಕರ ಅವನು ಸತ್ತನೋ ಅದನ್ನೇ ನಾನು ಕಾಲಡಿ ಹಾಕಿದೆ. ಹೋಗಿ ದೇವರ ಮುಂದೆ ನಿಂತಾಗ ಏನಂತ ಹೇಳಲಿ?”

ಅತ್ತೆಯ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು. ಮಗ ಸತ್ತ ದಿನ ಬಿಟ್ಟರೆ ಅವರು ಅತ್ತದ್ದನ್ನು ಸೊಸೆ ನೋಡಿರಲಿಲ್ಲ. ಅವಳಿಗೆ ನೋಟೀಸು ಮರೆತುಹೋಯಿತು. ಸೆರಗಿನಿಂದ ಅತ್ತೆಯ ಕಣ್ಣು ಒರೆಸಿದಳು. ಬಾಯಿಗೆ ಬಂದದ್ದನ್ನೇ ಹೇಳಿದಳು.

“ಅತ್ತೆ, ನಿಮ್ಮ ಮಗ ಚಿಕ್ಕೋರಿದ್ದಾಗ ನಿಮ್ಮ ಹೊಟ್ಟೆ ಮೇಲೆ ಕಾಲು ಹಾಕ್ಕೊಂಡೇ ಮಲಗ್ತಿದ್ರು ಅಂತ ನೀವೇ ಹೇಳ್ತಿದ್ರಿ. ಅದು ನಿಮ್ಮನ್ನ ಒದ್ದ ಹಾಗಾ? ಕಿರೀಟ ಬೇರೆಯವರದ್ದು, ಕಾಲು ತಾಗಿದ್ರೆ ಅದಕ್ಕೆ ಅವಮಾನ. ಇದು ನಮ್ಮದೇ ಅಲ್ವಾ? ಕಾಯಿಲೆ ಬಿದ್ದ ಮಕ್ಕಳ ಕಾಲು ತಾಗಿದ್ರೆ ತಾಯಿಗೆ ಏನಾಗುತ್ತೆ?”

ಅತ್ತೆ ತಲೆ ಹೊರಳಿಸಿ ಅವಳನ್ನೇ ನೋಡಿದರು.

“ಇಷ್ಟು ಮಾತು ಎಲ್ಲಿ ಬಚ್ಚಿಟ್ಟಿದ್ದೆ? ಮೂವತ್ತೈದು ವರ್ಷದಲ್ಲಿ ಇದರ ಅರ್ಧನೂ ಆಡಲಿಲ್ಲ.”

“ನೀವು ಬಿಟ್ಟರೆ ತಾನೇ.”

ಅತ್ತೆಯ ತುಟಿಯ ಒಂದು ಕೊನೆ ಅಲುಗಿತು. ಗುಮಾಸ್ತನ ಕಾಗದಕ್ಕೆ ಸಹಿ ಹಾಕಿಬಿಡು ಎಂದರು. ಸತ್ತವರು ಸತ್ತರು, ಹೊರಟವಳು ಹೊರಟಿದ್ದೇನೆ, ಇದ್ದವಳಿಗೆ ಅನ್ನ ಬೇಕು. ದೊರೆಸಾನಿಯ ಹೆಸರು ಹೇಳಿದರೆ ಪೀಡೆ ಕಳೆಯುವುದಾದರೆ ಕಳೆಯಲಿ. ಸೊಸೆ ಹೂಂ ಎಂದು ತಲೆಯಾಡಿಸಿದಳು.

ಮನೆಗೆ ಬಂದು ದೀಪ ಹಚ್ಚಿ ಕೈ ಮುಗಿದಳು. ಕಾಗದವನ್ನು ಮಡಿಲಲ್ಲಿ ಹರವಿಕೊಂಡು ಕುಳಿತಳು. ಸುಳ್ಳೇನೂ ಇರಲಿಲ್ಲ ಅದರಲ್ಲಿ, ಪುಸ್ತಕದಲ್ಲಿದ್ದುದೇ ಇತ್ತು. ಆದರೆ ಇದಕ್ಕೆ ಸಹಿ ಹಾಕಿದರೆ ಆ ಆರು ಹೆಂಗಸರು ಮಾಡಿದ ಕೆಲಸ ಎಂದೆಂದಿಗೂ ದೊರೆಸಾನಿಯದಾಗುತ್ತದೆ. ಹೊಳೆ ತೆಗೆದುಕೊಂಡರು, ಮನುಷ್ಯರನ್ನು ತೆಗೆದುಕೊಂಡರು. ಇದನ್ನೂ ಅವರಿಗೇ ಬರೆದುಕೊಡುವುದೇ, ಅದೂ ತನ್ನ ಕೈಯಿಂದ? ಇತ್ತ ನಿಜ ಹೇಳಿದರೆ ತಪ್ಪು ಅತ್ತೆಯ ತಲೆಗೆ, ಕುತ್ತು ತನ್ನ ಕೆಲಸಕ್ಕೆ. ದೇವರೇ, ನೀನೇ ಹೇಳು ಎಂದಳು. ದೇವರು ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಸುಮ್ಮನಿರುತ್ತಾನೆ, ಯಾಕೆಂದರೆ ಉತ್ತರ ಕೇಳಿದವರಿಗೇ ಗೊತ್ತಿರುತ್ತದೆ.

ಬೆಳಿಗ್ಗೆ ಅವಳು ಗುಮಾಸ್ತನ ಮುಂದೆ ನಿಂತು ಬೇರೆ ಉತ್ತರ ಬರೆದುಕೊಡಲು ಕೇಳಿದಳು. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುತ್ತೀಯಲ್ಲ ತಂಗಿ ಎಂದು ಅವನು ಹಣೆ ಚಚ್ಚಿಕೊಂಡ. ಆದರೂ ಬರೆದ. ಗಾರೆಯವನ ಕಾಲು ಬರುವಲ್ಲಿಗೆ ಬಂದಾಗ ಅವನ ಲೇಖನಿ ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡು ಮುಂದುವರಿಸಿದ. ಸೊಸೆ ಸಹಿ ಹಾಕಿ, ತಾನೇ ಒಯ್ದು ಸಾಹೇಬರ ಮೇಜಿನ ಮೇಲೆ ಇಟ್ಟಳು. ಓದಿ ಕರೆಸುತ್ತೇನೆ, ಹೋಗಿ ಎಂದರು ಅವರು.

ಕರೆಸಲಿಲ್ಲ. ಮಧ್ಯಾಹ್ನ ಸೊಸೆ ಅತ್ತೆಗೆ ನೀರು ಕುಡಿಸುತ್ತಿದ್ದಾಗ ತಾವೇ ವಾರ್ಡಿಗೆ ಬಂದರು, ಕೈಯಲ್ಲಿ ಆ ಕಾಗದ. ಸೊಸೆ ಎದ್ದು ನಿಂತಳು.

“ಅಜ್ಜಿ, ಇದರಲ್ಲಿ ಬರೆದಿರೋದು ನಿಮ್ಮ ವಿಷಯಾನಾ?” ಎಂದು ಕೇಳಿದರು ಸಾಹೇಬರು.

ಅತ್ತೆ ಒಮ್ಮೆ ಸೊಸೆಯ ಮುಖ ನೋಡಿದರು. ಸಹಿ ಬಿದ್ದದ್ದು ಯಾವ ಕಾಗದಕ್ಕೆ ಎಂದು ಅವರಿಗೆ ತಿಳಿಯಿತು.

“ಹೌದು ಸ್ವಾಮಿ. ಆರು ಜನ ಇದ್ವಿ, ಉಳಿದಿರೋಳು ನಾನೊಬ್ಬಳು. ಇವಳಿಗೆ ಏನೂ ಗೊತ್ತಿರಲಿಲ್ಲ. ಶಿಕ್ಷೆ ಕೊಡೋದಾದ್ರೆ ನನಗೆ ಕೊಡಿ, ಸ್ವಲ್ಪ ಬೇಗ ಕೊಡಿ. ನನ್ನ ಹತ್ತಿರ ಬಹಳ ದಿನ ಇಲ್ಲ.”

ಸಾಹೇಬರು ಸೊಸೆ ಕುಳಿತಿದ್ದ ಸ್ಟೂಲಿನ ಮೇಲೆ ಕುಳಿತರು. ಶಿಕ್ಷೆಯ ಮಾತು ಬೇಡ, ಆದದ್ದು ಆಯಿತು, ನಾಳೆಯಿಂದ ಮುದ್ರೆ ತಲೆದೆಸೆಗೆ ಬರುವಂತೆ ಮಡಿಸಿದರೆ ಮುಗಿಯಿತು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಸೊಸೆ ತಲೆಯಾಡಿಸಿದಳು. ಅತ್ತೆ ಮಾತ್ರ ಒಪ್ಪಲಿಲ್ಲ.

“ತಲೆದೆಸೇಲಿ ಏನಿರುತ್ತೆ ಗೊತ್ತಾ ಸ್ವಾಮಿ? ಬೆವರು, ಜೊಲ್ಲು, ವಾಂತಿ. ನಲವತ್ತೊಂದು ವರ್ಷ ಒಗೆದಿದ್ದೀನಿ. ನಡುವೆ ಏನಿರುತ್ತೆ ಅಂತ ನಾನು ಹೇಳಲ್ಲ, ನೀವು ಓದಿದೋರು. ಅವೆಲ್ಲಕ್ಕಿಂತ ಕಾಲ ಹತ್ತಿರಾನೇ ಚೊಕ್ಕಟ.”

ಪಕ್ಕದ ಮಂಚದವಳು ದಿಂಬಿಗೆ ಮುಖ ಒತ್ತಿ ನಕ್ಕಳು.

“ಹಾಗಾದ್ರೆ ಎಲ್ಲಿ ಹಾಕೋಣ ನೀವೇ ಹೇಳಿ.”

“ಹಾಕಲೇಬೇಕಾ?” ಎಂದರು ಅತ್ತೆ.

ಮುದ್ರೆ ಇಲ್ಲದಿದ್ದರೆ ಶೀಟುಗಳಿಗೆ ಕಾಲು ಬಂದು ಮನೆಮನೆ ಸೇರುತ್ತವೆ ಎಂದರು ಸಾಹೇಬರು. ದೊರೆಸಾನಿಯೂ ಇದನ್ನೇ ಹೇಳುತ್ತಿದ್ದಳು ಎಂದರು ಅತ್ತೆ. ಕುಹಕವಿಲ್ಲದೆ, ಹಳೆಯ ಪರಿಚಯದವರ ಸುದ್ದಿ ಹೇಳುವಂತೆ ಹೇಳಿದರು. “ಅವಳಿಗೆ ನಾವು ಪರಕೀಯರು, ಅನುಮಾನ ಇತ್ತು. ಕಾಯಿಲೆಯವರು ಮಲಗೋಕೆ ಮುಂಚೆನೇ ಕಳ್ಳರು ಅಂತ ಗುರುತು ಹಾಕಿ ಇಡ್ತಿದ್ದಳು. ನಿಮಗೂ ನಾವು ಪರಕೀಯರಾ ಮಗಾ?”

ಸ್ವಾಮಿ ಎಂದಿದ್ದ ಬಾಯಿ ಮಗಾ ಎಂದದ್ದು ಅತ್ತೆಗೆ ತಿಳಿಯಿತೋ ಇಲ್ಲವೋ. ಸಾಹೇಬರಿಗೆ ತಿಳಿಯಿತು. ಅವರು ಮಂಚದ ಅಂಚಿನಲ್ಲಿ ಇಳಿಬಿದ್ದಿದ್ದ ಶೀಟನ್ನು ಎರಡು ಬೆರಳಿನಲ್ಲಿ ಹಿಡಿದು, ಒಗೆದು ಒಗೆದು ತೆಳ್ಳಗಾದ ನೂಲನ್ನು ನೋಡುತ್ತ ಕುಳಿತಿದ್ದು, ಎದ್ದು ಹೋದರು. ಹೋಗುವಾಗ ಅವರ ಅಂಗಿಯ ಬೆನ್ನಿನ ಮೇಲೆ ಸುಕ್ಕು ಬಿದ್ದಿತ್ತೆಂದು ಪಕ್ಕದ ಮಂಚದವಳು ವಾರವಿಡೀ ಸಾಕ್ಷಿ ಹೇಳಿದಳು.

ಮರುದಿನ ನೋಟೀಸು ವಾಪಸಾಯಿತು. ಹಳೆಯ ಶೀಟುಗಳನ್ನು ಹೇಗಾದರೂ ಮಡಿಸಿಕೊಳ್ಳಿ. ಇನ್ನು ಬರುವ ಹೊಸ ಶೀಟುಗಳಿಗೆ ಮುದ್ರೆ ಬೇಕೇ ಬೇಡವೇ ಎಂದು ಮೇಲಕ್ಕೆ ಬರೆಯಲಾಗಿದೆ. ಉತ್ತರ ಬರುವವರೆಗೆ ಹಾಕತಕ್ಕದ್ದಲ್ಲ ಎಂದು ಆದೇಶ. ಮೇಲಿನಿಂದ ಉತ್ತರ ಬರುವ ಚಂದ ಎಲ್ಲರಿಗೂ ಗೊತ್ತಿರುವುದೇ. ಗುಮಾಸ್ತ ಸೊಸೆಯ ಕಾಗದವನ್ನು ಕಡತಕ್ಕೆ ಸೇರಿಸದೆ, ನಿಯಮಪುಸ್ತಕದಲ್ಲಿ ದೊರೆಸಾನಿಯ ರುಜುವಿದ್ದ ಪುಟಕ್ಕೆ ಅಂಟಿಸಿಟ್ಟ. ಇನ್ನು ಮುಂದೆ ಅದನ್ನು ಓದುವವರು ಇದನ್ನೂ ಓದಬೇಕು ಎಂದ.

ಮೂರು ವಾರದ ಮೇಲೆ ಹೊಸ ಶೀಟುಗಳ ಮೂಟೆ ಬಂತು. ಒಗೆದು ಒಣಗಿಸಿದ ಮೇಲೆ ಸೊಸೆ ಮತ್ತು ನೀಲಕ್ಕ ಮೊದಲನೆಯದನ್ನು ಹಿಡಿದು ಎದುರುಬದುರು ನಿಂತರು. ನಿಂತೇ ಇದ್ದರು. ಎಡಗೈಗೆ ಯಾವ ಮೂಲೆ ಹೋಗಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಇಷ್ಟು ವರ್ಷ ಮೊದಲು ಮುದ್ರೆ ಹುಡುಕಿ, ಆಮೇಲೆ ಬಟ್ಟೆ ಹಿಡಿದ ಕೈಗಳು. ನಾಲ್ಕು ಮೂಲೆಯೂ ಒಂದೇ ಬಿಳುಪು.

“ಇದಕ್ಕೆ ತಲೆ ಯಾವುದು, ಬುಡ ಯಾವುದು?” ಎಂದಳು ನೀಲಕ್ಕ.

ಸೊಸೆ ಸುತ್ತ ನೋಡಿದಳು. ಎಲ್ಲ ಹೆಂಗಸರೂ ಕೆಲಸ ನಿಲ್ಲಿಸಿ ಅವಳ ಕಡೆಗೇ ನೋಡುತ್ತಿದ್ದರು. ಅವಳು ಕೈಗೆ ಸಿಕ್ಕ ಮೂಲೆಯಿಂದ ಹಿಡಿದು ಮಡಿಸಿದಳು. ಮಡಿಕೆ ಸ್ವಲ್ಪ ಸೊಟ್ಟವಾಯಿತು.

ಅದನ್ನೇ ತೆಗೆದುಕೊಂಡು ವಾರ್ಡಿಗೆ ಹೋದಳು. ಸಿಸ್ಟರೊಬ್ಬಳ ನೆರವಿನಿಂದ ಅತ್ತೆಯನ್ನು ಮೆಲ್ಲನೆ ಆ ಮಗ್ಗುಲು ಈ ಮಗ್ಗುಲು ಹೊರಳಿಸಿ ಹಳೆಯದನ್ನು ಎಳೆದು ಹೊಸದನ್ನು ಹಾಸಿದಳು. ಈಚೆಗೆ ಅತ್ತೆಗೆ ಕಣ್ಣು ಮಂಜಾಗಿತ್ತು. ಅವರು ಅಂಗೈಯಿಂದ ಬಟ್ಟೆಯನ್ನು ಸವರಿದರು, ದಿಂಬಿನ ಪಕ್ಕ ಸವರಿದರು, ಕೈ ಎಟುಕುವಷ್ಟು ದೂರ ಎಲ್ಲ ಕಡೆಯೂ ಸವರಿದರು.

“ಏನೂ ಇಲ್ಲ ಅಲ್ವಾ?”

“ಏನೂ ಇಲ್ಲ ಅತ್ತೆ.”

“ಕಾಲ್ದೆಸೆ ಯಾವುದೇ?”

ಸೊಸೆ ಅವರ ಎರಡು ಪಾದಗಳನ್ನೂ ಕೈಯಲ್ಲಿ ತೆಗೆದುಕೊಂಡಳು. ತಣ್ಣಗಿದ್ದವು, ಬೆಚ್ಚಗಾಗುವವರೆಗೆ ಉಜ್ಜಿದಳು.

“ನೀವು ಎಲ್ಲಿ ಚಾಚಿದ್ರೆ ಅದೇ” ಎಂದಳು.

ಅತ್ತೆ ಚಾಚಿದರು.